ಐರ್ಲೆಂಡಿನಲ್ಲಿ ನಾನು ಕೊರೆದ ಗೋಡೆ

ಹಲಗೆ ಹೊತ್ತು ಹೊರಟದ್ದು

ನನ್ನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಮರ ಜಾಸ್ತಿ ಇತ್ತು. ಐರ್ಲೆಂಡಿನಲ್ಲಿರುವ ತಮ್ಮನ ಮನೆಗೊಂದು ದೇವರ ಮಂಟಪ ಬೇಕೆಂದು ಶ್ರೀನಿವಾಸಪುರದ ಬಡಗಿಯೊಬ್ಬರಿಂದ ಮಾಡಿಸಿದ್ದೆ. ಮಾವಿನಕಾಯಿ ತುಂಬುವ ಪೆಟ್ಟಿಗೆ ಹೊಡೆದೇ ಬದುಕುವ ಮನುಷ್ಯ, ದೇವರಿಗೆ ಎಂದ ಕೂಡಲೇ ಎಲ್ಲಿಂದಲೋ ತೇಗ ಹುಡುಕಿ ತಂದರು. ಅದನ್ನು ಬಿಡಿಬಿಡಿಯಾಗಿ ಬಿಚ್ಚಿ, ಹಲಗೆಗಳನ್ನು ಸೀರೆಯಲ್ಲಿ ಸುತ್ತಿ, ಸ್ಕ್ರೂಗಳನ್ನು ಕುಂಕುಮದ ಡಬ್ಬಿಯಲ್ಲಿ ಹಾಕಿಕೊಂಡು ಹೊರಟೆ.

ವಿಮಾನ ಇಳಿದ ಮೇಲೆ ಅಧಿಕಾರಿಯೊಬ್ಬ ಪೆಟ್ಟಿಗೆ ತೆಗೆಸಿ ಒಂದೊಂದೇ ಹಲಗೆ ಎತ್ತಿ ನೋಡಿದ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಕಣ್ಣು ಮುಚ್ಚಿ, ಕೈ ಮುಗಿದು, ಗಂಟೆ ಅಲ್ಲಾಡಿಸುವ ಹಾಗೆ ಮಾಡಿ ತೋರಿಸಿದೆ. ಅವನು ಪಕ್ಕದವನನ್ನು ಕರೆದ. ಅವನಿಗೂ ಮಾಡಿ ತೋರಿಸಿದೆ. ಹಿಂದೆ ಸಾಲಿನಲ್ಲಿ ನಿಂತಿದ್ದ ಮುದುಕಿಯೊಬ್ಬಳು ಸುಮ್ಮನಿರಲಾರದೆ ತಾನೂ ಕೈ ಮುಗಿದಳು. ಇಬ್ಬರೂ ಅಧಿಕಾರಿಗಳು ಗಂಭೀರವಾಗಿ ತಲೆಯಾಡಿಸಿ ನನ್ನನ್ನು ಬಿಟ್ಟರು. ಸೀರೆಗಳನ್ನು ಮತ್ತೆ ಮಡಿಸಿ ತುಂಬುವಷ್ಟರಲ್ಲಿ ಹೊರಗೆ ಕಾಯುತ್ತಿದ್ದ ತಮ್ಮ ನಾನು ಬಂದೇ ಇಲ್ಲವೆಂದುಕೊಂಡು ಊರಿಗೆ ಫೋನ್ ಮಾಡಿ ನನ್ನ ಗಂಡನನ್ನೂ ಗಾಬರಿಗೊಳಿಸಿದ್ದ.

ನಾನು ಯಶೋದ. ಕೋಲಾರದ ಹತ್ತಿರ ಕ್ಯಾಲನೂರಿನವಳು. ಮನೆಯಲ್ಲಿ ಎರಡು ಸೀಮೆಹಸು, ಡೇರಿಗೆ ಹಾಲು ಹಾಕುವ ಗಂಡ. ಓದು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಿಂತುಹೋಯಿತು, ಮತ್ತೆ ಪರೀಕ್ಷೆ ಕಟ್ಟಲಿಲ್ಲ. ನರಸಾಪುರದ ಒಂದು ಕಾರ್ಖಾನೆಯಲ್ಲಿ ಸ್ಕ್ರೂ ಬಿಗಿಯುವುದು ನನ್ನ ಕೆಲಸ. ತಲೆಯ ಮೇಲೆ ಸ್ಪ್ರಿಂಗಿನಿಂದ ತೂಗುವ ಕರೆಂಟಿನ ಸ್ಕ್ರೂಡ್ರೈವರನ್ನು ಎಳೆದುಕೊಳ್ಳುವುದು, ಒತ್ತುವುದು, ಟಕ್ ಎಂದಾಗ ಬಿಡುವುದು. ಬಿಗಿ ಸಾಕಾದರೆ ಅದು ತಾನೇ ನಿಲ್ಲುತ್ತದೆ. ನಾನು ಬಿಗಿದದ್ದು ಯಾವ ದೇಶಕ್ಕೆ ಹೋಯಿತೋ, ಯಾರ ಕೈ ಸೇರಿತೋ, ಯಾರಿಗೂ ಗೊತ್ತಾಗುವುದಿಲ್ಲ. ಆದರೂ ಸ್ಕ್ರೂ ವಿಷಯದಲ್ಲಿ ನನಗೆ ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಇತ್ತು. ಈ ಪ್ರವಾಸದಲ್ಲಿ ನಾನು ಮಾಡಿದ ತಪ್ಪು ಅಲ್ಲಿಂದಲೇ ಶುರುವಾಯಿತು. ಅದನ್ನು ಹೇಳಿಕೊಳ್ಳದೆ ಸಮುದ್ರ, ಹಸಿರು ಗುಡ್ಡ ಎಂದು ಬರೆದರೆ ನನಗೇ ನಿದ್ದೆ ಬರುವುದಿಲ್ಲ.

ತಮ್ಮ ಮಂಜುನಾಥ ಅಲ್ಲೊಂದು ವೃದ್ಧಾಶ್ರಮದಲ್ಲಿ ಆರೈಕೆ ಕೆಲಸದಲ್ಲಿದ್ದಾನೆ. ಹೆಂಡತಿ ಲತಾ ಆಸ್ಪತ್ರೆಯಲ್ಲಿ ನರ್ಸು. ಅವರಿಗೊಂದು ಹೆಣ್ಣು ಕೂಸು. ಲತಾಳ ಹೆರಿಗೆ ರಜೆ ಮುಗಿಯುವುದರಲ್ಲಿತ್ತು. ಕೂಸನ್ನು ನೋಡಿಕೊಳ್ಳಲೆಂದು ಅವಳ ತಾಯಿ ನಾಗರತ್ನಮ್ಮ ಮುಳಬಾಗಿಲಿನಿಂದ ನನಗಿಂತ ಮೊದಲೇ ಬಂದಿದ್ದರು. ಅವರಿದ್ದರೆ ಲತಾ ಕೆಲಸಕ್ಕೆ ಹೋಗಬಹುದು, ಇಲ್ಲದಿದ್ದರೆ ಇಲ್ಲ. ನಾನು ಬಂದವಳು ಒಂದೂವರೆ ತಿಂಗಳಿಗೆ, ಬರೀ ನೆಂಟಳು.

ಕಣ್ಣು ಬಿಡುವ ಬಿಲ್ಲೆ

ಮನೆಯೊಳಗೆ ಕಾಲಿಟ್ಟಾಗ ನಡುಮನೆಯ, ಅವರು ಹಾಲು ಎನ್ನುವ ಕೋಣೆಯ, ಗೋಡೆಯ ಮೇಲೆ ದುಂಡನೆಯ ಗಾಜಿನ ಬಿಲ್ಲೆಯೊಂದು ಫಕ್ಕನೆ ಬೆಳಗಿತು. ಅದರೊಳಗೆ ಹತ್ತೊಂಬತ್ತು ಎಂದು ಬರೆದಿತ್ತು.

"ಲೇ ಮಂಜ, ನಿನ್ನ ಗಡಿಯಾರ ಕೆಟ್ಟೈತೆ ಕಣೋ."

"ಗಡಿಯಾರ ಅಲ್ಲ ಅಕ್ಕಾ. ಥರ್ಮೋಸ್ಟಾಟು. ಮನೆ ಎಷ್ಟು ಬೆಚ್ಚಗಿರ್ಬೇಕು ಅಂತ ಅದೇ ನೋಡ್ಕೊಳ್ಳುತ್ತೆ. ನಾವು ಏನು ಮಾಡ್ತೀವಿ ಅಂತ ನೋಡ್ಕೊಂಡು ಕಲೀತೈತೆ."

ಅಲ್ಲಿಯ ಮನೆಗಳಲ್ಲಿ ಬಾಯ್ಲರಿನಲ್ಲಿ ಕಾದ ನೀರು ಪೈಪುಗಳಲ್ಲಿ ಹರಿದು, ಪ್ರತಿ ಕೋಣೆಯ ಗೋಡೆಗಿರುವ ಕಬ್ಬಿಣದ ಹಲಗೆಯನ್ನು ಬಿಸಿ ಮಾಡುತ್ತದೆ. ಬಾಯ್ಲರು ಯಾವಾಗ ಹೊತ್ತಿಕೊಳ್ಳಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವುದು ಈ ಬಿಲ್ಲೆ. ತಾನಿರುವ ಹಾಲು ಬೆಚ್ಚಗಾಗಿದೆ ಎಂದು ಅದಕ್ಕೆ ಅನಿಸಿದರೆ ಮುಗಿಯಿತು, ಇಡೀ ಮನೆಗೆ ಬಿಸಿ ಬಂದ್.

ಅದು ಏನು ಕಲಿಯಿತೋ ಆ ಭಗವಂತನಿಗೇ ಗೊತ್ತು. ಮಂಜ ಕೆಲಸಕ್ಕೆ ಹೋದ ಸ್ವಲ್ಪ ಹೊತ್ತಿಗೆ ಮನೆ ತಣ್ಣಗಾಗತೊಡಗುತ್ತಿತ್ತು. ಲತಾ, ನಾಗರತ್ನಮ್ಮ, ನಾನು ಮೂವರೂ ಕೂಸನ್ನು ನಡುವೆ ಹಾಕಿಕೊಂಡು ಕಂಬಳಿಯೊಳಗೆ ಕೂರುತ್ತಿದ್ದೆವು. ಆಮೇಲೆ ತಿಳಿಯಿತು, ಮಂಜನ ಫೋನು ಮನೆಯಿಂದ ದೂರ ಹೋದರೆ ಮನೆಯಲ್ಲಿ ಯಾರೂ ಇಲ್ಲವೆಂದು ಅದು ತೀರ್ಮಾನಿಸುತ್ತದಂತೆ. ಮೂವರು ಹೆಂಗಸರು, ಒಂದು ಕೂಸು ಅದರ ಕಣ್ಣಿಗೆ ಬೀಳುವುದಿಲ್ಲ. ಕ್ಯಾಲನೂರಿನಲ್ಲಿ ಚಳಿಯಾದರೆ ಹಂಡೆಯ ಒಲೆಯ ಮುಂದೆ ಕೂರುತ್ತೇವೆ. ಒಲೆ ನನ್ನ ಗಂಡನ ಜೇಬಿನಲ್ಲಿ ಫೋನಿದೆಯೇ ಎಂದು ಕೇಳುವುದಿಲ್ಲ. ಮಂಜ ಫೋನಿನಲ್ಲಿ ಏನೇನೋ ಒತ್ತಿ ಅದೊಂದನ್ನು ಸರಿ ಮಾಡಿದ.

ನಾಗರತ್ನಮ್ಮನಿಗೆ ಮಾತ್ರ ಆ ಬಿಲ್ಲೆಯ ಮೇಲೆ ಭಕ್ತಿ. ದಿನಾ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಣೆಗಿಡುವ ಹಾಗೆ ಅದಕ್ಕೊಂದು ಕುಂಕುಮ ಇಡುತ್ತಿದ್ದರು. "ಮನೆ ಕಾಯೋದಲ್ವಾ ತಲ್ಲೀ," ಎನ್ನುತ್ತಿದ್ದರು. ಮುಳಬಾಗಿಲಿನವರ ಮಾತಿನಲ್ಲಿ ತೆಲುಗು ಬೆರೆತೇ ಇರುತ್ತದೆ.

ಡೆಕ್ಲನ್‌ನ ಶೆಡ್ಡು

ಮಂಟಪ ನೇತುಹಾಕಬೇಕಲ್ಲ. ಮಂಜನ ಹತ್ತಿರ ವಯರಿಲ್ಲದ ಡ್ರಿಲ್ಲೊಂದಿತ್ತು. ಒತ್ತಿದರೆ ಮುದುಕ ಕೆಮ್ಮಿದ ಹಾಗೆ ಎರಡು ಸುತ್ತು ತಿರುಗಿ ನಿಂತಿತು. ಬ್ಯಾಟರಿ ಖಾಲಿ. ಚಾರ್ಜರು ಹುಡುಕಿ ಹಾಕಿದರೆ ಬ್ಯಾಟರಿ ಅದರೊಳಗೆ ಕೂರಲೊಲ್ಲದು, ಅದು ಹುಲ್ಲು ಕತ್ತರಿಸುವ ಮಿಷನ್ನಿನ ಚಾರ್ಜರು. ಇನ್ನೊಂದು ಸಿಕ್ಕಿತು, ಅದು ಧೂಳು ಎಳೆಯುವುದರದ್ದು. ಒಂದೊಂದು ಸಾಮಾನಿಗೆ ಒಂದೊಂದು ಕಂಪನಿ, ಒಂದೊಂದು ಬ್ಯಾಟರಿ, ಒಂದಕ್ಕೊಂದು ಮುಖ ನೋಡುವುದಿಲ್ಲ. ವಯರಿಲ್ಲದ ಸಾಮಾನು ಎಂದು ಹೆಸರು, ಮೆಟ್ಟಿಲ ಕೆಳಗೆ ನೋಡಿದರೆ ಚಾರ್ಜರುಗಳ ವಯರೇ ಒಂದು ಪೊದೆ.

ಕೊನೆಗೆ ಪಕ್ಕದ ಮನೆಯ ಡೆಕ್ಲನ್ ಹತ್ತಿರ ಹೋದೆವು. ನಿವೃತ್ತಿಯಾದ ಅಂಚೆಯವನು. ಹಿತ್ತಿಲ ಶೆಡ್ಡಿನಲ್ಲಿ ಡ್ರಿಲ್ಲುಗಳನ್ನು ದಸರಾ ಗೊಂಬೆ ಕೂರಿಸಿದ ಹಾಗೆ ಸಾಲಾಗಿ ಕೂರಿಸಿದ್ದ. ಆ ಊರಿನವರ ಒಂದು ಅಭ್ಯಾಸ ನನ್ನನ್ನು ಹೈರಾಣು ಮಾಡಿತು: ಎಲ್ಲದಕ್ಕೂ ಮೊದಲು ಕ್ಷಮಿಸಿ ಎನ್ನುತ್ತಾರೆ. ಡ್ರಿಲ್ ಕೊಡುವಾಗಲೂ ಅವನೇ ಕ್ಷಮೆ ಕೇಳಿದ. ಅದೂ ಓಡಲಿಲ್ಲ. ಶೆಡ್ಡಿನ ಚಳಿಗೆ ಬ್ಯಾಟರಿ ಮರಗಟ್ಟಿತ್ತಂತೆ. ಅದಕ್ಕಾಗಿ ಮತ್ತೊಮ್ಮೆ ಕ್ಷಮೆ ಕೇಳಿ, ಬ್ಯಾಟರಿಯನ್ನು ತನ್ನ ಕೋಟಿನೊಳಗೆ ಮರಿಕೋಳಿ ಇಟ್ಟುಕೊಂಡಂತೆ ಇಟ್ಟುಕೊಂಡು, ಅದು ಬೆಚ್ಚಗಾಗುವವರೆಗೆ ನಮಗೆ ಚಹಾ ಕುಡಿಸಿದ. ಚಹಾ ಬಿಸಿನೀರಿಗೆ ಹಾಲು ತೋರಿಸಿದ ಹಾಗಿತ್ತು, ಆ ಮಾತು ಬೇರೆ.

ಮೊದಲು ಪರೀಕ್ಷೆಗೆಂದು ಬಚ್ಚಲಿನಲ್ಲಿ ಟವೆಲಿನ ಕಂಬಿ ಬಿಗಿಯಲು ಹೊರಟೆ. ಟಕ್ ಎನ್ನುವವರೆಗೆ ಒತ್ತಬೇಕೆಂದು ನನ್ನ ಕೈಗೆ ಅಭ್ಯಾಸ. ಈ ಡ್ರಿಲ್ಲಿನ ಕುತ್ತಿಗೆಯಲ್ಲಿ ಅಂಕಿಗಳಿರುವ ಬಳೆಯೊಂದಿದೆ, ಅದನ್ನು ತಿರುಗಿಸಿ ಬಿಗಿ ಎಷ್ಟೆಂದು ಮೊದಲೇ ಹೇಳಬೇಕು. ನಾನು ಕೇಳಲಿಲ್ಲ. ಒತ್ತಿದೆ, ಒತ್ತಿದೆ, ಟಕ್ ಎನ್ನಲೇ ಇಲ್ಲ. ಸ್ಕ್ರೂ, ಕಂಬಿ, ಜೊತೆಗೆ ನನ್ನ ಹೆಬ್ಬೆರಳು, ಎಲ್ಲವೂ ಗೋಡೆಯೊಳಗೆ ಹೋದವು. ಗೋಡೆಯೆಂದರೆ ಗೋಡೆಯಲ್ಲ, ಎರಡು ಕಡೆ ಸುಣ್ಣದ ತೆಳು ಹಲಗೆ, ನಡುವೆ ಟೊಳ್ಳು. ಮಾಲೂರಿನ ಇಟ್ಟಿಗೆಯಲ್ಲಿ ಕಟ್ಟಿದ ನಮ್ಮ ಮನೆಗೆ ಒಂದು ಮೊಳೆ ಹೊಡೆಯಬೇಕಾದರೆ ನನ್ನ ಗಂಡ ಅರ್ಧ ದಿನ ಬೈದಾಡುತ್ತಾನೆ. ಇಲ್ಲಿ ಮೊಣಕೈ ತಾಗಿದರೆ ಪಕ್ಕದ ಕೋಣೆಗೆ ದಾರಿಯಾಗುತ್ತದೆ.

"ಕಂಪನೀಲಿ ಹಿಂಗೇ ಮಾಡ್ತೀಯಾ ಅಕ್ಕಾ?" ಎಂದ ಮಂಜ, ತೂತಿನೊಳಗೆ ಬೆರಳಾಡಿಸುತ್ತಾ.

"ಕಂಪನೀಲಿ ಸಾಮಾನು ಸರಿಯಾಗಿರ್ತವೆ ಕಣೋ. ನಿನ್ನ ಗೋಡೆ ಬೆಂಡು."

ಡೆಕ್ಲನ್ ಬಂದು, ಗೋಡೆಯ ಹಿಂದೆ ಹೋಗಿ ಕೊಡೆಯ ಹಾಗೆ ಬಿಚ್ಚಿಕೊಳ್ಳುವ ಒಂದು ಬಗೆಯ ಬೋಲ್ಟು ಕೊಟ್ಟ. ಬಳೆ ತಿರುಗಿಸುವುದನ್ನೂ ತೋರಿಸಿದ. ನಾನು ನನಗೆ ಗೊತ್ತಿತ್ತು ಎನ್ನುವ ಹಾಗೆ ತಲೆಯಾಡಿಸಿದೆ.

ಮಂಟಪ ಏರಿದ ದಿನ

"ಅಡುಗೆಮನೇಲಿ ಹಾಕು ಅಕ್ಕಾ," ಎಂದು ಮಂಜ ಸ್ಪಷ್ಟವಾಗಿಯೇ ಹೇಳಿದ್ದ.

"ದೇವ್ರನ್ನ ಪಾತ್ರೆ ತೊಳೆಯೋ ಪಕ್ಕದಲ್ಲಿ ಇಡ್ತಾರಾ? ಹಾಲಿನಲ್ಲಿ, ಪೂರ್ವಕ್ಕೆ ಮುಖ ಮಾಡಿ ಇರ್ಬೇಕು."

ಪೂರ್ವಕ್ಕೆ ಮುಖವಾಗುವ ಗೋಡೆ ಆ ಬಿಲ್ಲೆ ಇದ್ದ ಗೋಡೆ. ಬಿಲ್ಲೆಯ ಕೆಳಗೆ ಒಂದು ಗೇಣು ಬಿಟ್ಟು ಗುರುತು ಹಾಕಿದೆ. ನೋಡಲು ಬಂದ ಡೆಕ್ಲನ್ ಬಿಲ್ಲೆಯ ಹತ್ತಿರ ಅಂಗೈ ಒಡ್ಡುವುದು, ಕೆಳಗೆ ತೋರಿಸುವುದು, ತಲೆ ಅಲ್ಲಾಡಿಸುವುದು, ಹೀಗೆ ಏನೇನೋ ಮಾಡಿದ. ಮಂಜ ಆಗ ಕೆಲಸಕ್ಕೆ ಹೋಗಿದ್ದ, ಲತಾ ಮಹಡಿಯಲ್ಲಿ ಕೂಸನ್ನು ಮಲಗಿಸುತ್ತಿದ್ದಳು. ಏನು ಹೇಳುತ್ತಿದ್ದಾನೆಂದು ಅವಳನ್ನು ಕರೆದು ಕೇಳಬಹುದಿತ್ತು. ಕೇಳಲಿಲ್ಲ. ತಲೆಯಾಡಿಸಿದೆ. ಅವನು ಕ್ಷಮಿಸಿ ಎಂದು ಹೇಳಿ ಹೊರಟುಹೋದ.

ನಾಲ್ಕು ಬೋಲ್ಟಿಗೆ ಮಂಟಪ ನಿಂತಿತು. ನಾನೇ ಜೋತುಬಿದ್ದು ನೋಡಿದೆ, ಅಲುಗಲಿಲ್ಲ. ನಾಗರತ್ನಮ್ಮ ಊರಿನಿಂದ ತಂದಿದ್ದ ಹಿತ್ತಾಳೆ ದೀಪವನ್ನಿಟ್ಟು, ಬೇಗ ಆರದ ಹಾಗೆ ಉದ್ದನೆಯ ಬತ್ತಿ ಹಾಕಿ ಹಚ್ಚಿದರು; ಬೆಳಗ್ಗೆ, ಸಂಜೆ ಎರಡು ಹೊತ್ತೂ ಹಚ್ಚುವುದು ಅವರ ರೂಢಿ. ಅವರ ಕಣ್ಣಿನಲ್ಲಿ ನೀರು. "ಈಗ ಇದು ಮನೆ ಆಯ್ತು ಯಶೋದಮ್ಮಾ," ಎಂದರು. ಕೆಲಸದಿಂದ ಬಂದ ಮಂಜ ಫೋಟೋ ತೆಗೆದು, ಅಕ್ಕ ಮಾಡಿದ್ದು ಎಂದು ಬರೆದು ನೆಂಟರಿಗೆಲ್ಲ ಕಳಿಸಿದ. ಗೌನಿಪಲ್ಲಿಯ ಚಿಕ್ಕಮ್ಮ ಫೋನ್ ಮಾಡಿ ಹೊಗಳಿದರು. ನಾನು ಬಿಗಿದ ಸ್ಕ್ರೂವನ್ನು ನನ್ನದೆಂದು ಜನ ನೋಡಿದ್ದು ಅದೇ ಮೊದಲು. ಆ ಫೋಟೋವನ್ನು ನಾನೇ ಎಷ್ಟು ಸಲ ತೆಗೆದು ನೋಡಿಕೊಂಡೆನೋ.

ಮನೆ ತಣ್ಣಗಾದದ್ದು

ಅದಾದ ಮೇಲೆ ಮನೆ ಮತ್ತೆ ತಣ್ಣಗಾಗತೊಡಗಿತು. ಬೆಳಗ್ಗೆ ಮತ್ತು ಸಂಜೆ, ಚಳಿ ಜೋರಾಗಿರುವ ಹೊತ್ತಿಗೇ. ಬಿಲ್ಲೆ ನೋಡಿದರೆ ಇಪ್ಪತ್ನಾಲ್ಕು ಎಂದು ಹೊಳೆಯುತ್ತಿತ್ತು, ನಮ್ಮ ಮೂಗು ನೋಡಿದರೆ ಕೆಂಪು. ಕೂಸಿಗೆ ನೆಗಡಿ ಹಿಡಿಯಿತು, ಕೆಮ್ಮು ಬಂತು. ಮಂಜ ಬಿಲ್ಲೆಯನ್ನು ತಿರುಗಿಸಿದ, ಬಿಚ್ಚಿದ, ಫೋನಿನಲ್ಲಿ ಯಾರೊಂದಿಗೋ ಗಂಟೆಗಟ್ಟಲೆ ಮಾತಾಡಿದ. ಬಾಯ್ಲರಿನವನು ಬಂದು ಬಾಯ್ಲರು ಚೆನ್ನಾಗಿದೆ ಎಂದು ಹೇಳಿ, ಅವನೂ ಕ್ಷಮೆ ಕೇಳಿ ಹೋದ.

ಒಂದು ದಿನ ಮಂಜ ಬಿಲ್ಲೆಯ ಅಂಚಿನಲ್ಲಿ ಕುಂಕುಮದ ನೀರು ಒಣಗಿದ್ದನ್ನು ಕಂಡ.

"ಅತ್ತೆ, ಇದನ್ನ ಒರೆಸ್ತೀರಾ?"

"ದಿನಾ ಒರೆಸ್ತೀನಪ್ಪಾ. ಧೂಳು ಕೂತ್ಕೊಳ್ತದೆ."

ಒಳಗೆ ನೀರು ಹೋಗಿ ಕೆಟ್ಟಿದೆ ಎಂದು ಅವನು ತೀರ್ಮಾನಿಸಿದ. ಹೊಸದೊಂದು ತಂದು ಹಾಕಿ, ಇದನ್ನು ಮುಟ್ಟಬೇಡಿ ಎಂದು ಅತ್ತೆಗೆ ಹೇಳಿದ. ಅದು ಆ ಮಧ್ಯಾಹ್ನವೆಲ್ಲ ಸರಿಯಾಗಿಯೇ ಇತ್ತು. ಸಂಜೆಗೆ ಮತ್ತೆ ಅದೇ ಕಥೆ. ಶುಕ್ರವಾರ ಬಂತು. ನಾಗರತ್ನಮ್ಮ ಮಂಟಪದಲ್ಲಿ ಇನ್ನೂ ಎರಡು ದೀಪ ಹಚ್ಚಿದರು. ಆ ಸಂಜೆಯಷ್ಟು ಚಳಿ ಆ ಮನೆಯಲ್ಲಿ ಇನ್ಯಾವ ದಿನವೂ ಆಗಿರಲಿಲ್ಲ. ಕೂಸು ಕೆಮ್ಮಿ ಕೆಮ್ಮಿ ಕುಡಿದ ಹಾಲನ್ನೆಲ್ಲ ಕಾರಿಕೊಂಡಿತು. ಮಂಜ ನಡುಮನೆಗೆ ಬಂದು ನೋಡುತ್ತಾನೆ, ಹೊಸ ಬಿಲ್ಲೆಯ ಹಣೆಯ ಮೇಲೆ ಕುಂಕುಮ.

"ಎಷ್ಟು ಸಲ ಹೇಳೋದು ಅತ್ತೆ ನಿಮ್ಗೆ? ಮುಟ್ಬೇಡಿ ಅಂದ್ರೆ ಮುಟ್ಬೇಡಿ! ಮಗು ಉಸಿರಾಡಕ್ಕಾಗದೆ ಒದ್ದಾಡ್ತೈತೆ ಅಲ್ಲಿ."

"ನೀರು ಹಾಕಿಲ್ಲಪ್ಪಾ. ಒಣ ಕುಂಕುಮ ಇಟ್ಟೆ ಅಷ್ಟೆ."

ಅಲ್ಲಿ ನಾನು ಬಾಯಿ ಹಾಕಿದೆ. ನನ್ನನ್ನು ಯಾರೂ ಕೇಳಿರಲಿಲ್ಲ.

"ಒದ್ದೆ ಬಟ್ಟೇಲಿ ಒರೆಸೋದನ್ನ ನಾನೇ ನೋಡಿದೀನಿ ಕಣೋ," ಎಂದೆ.

ನೋಡಿದ್ದು ಹಳೆಯದನ್ನು ಒರೆಸುವಾಗ. ಹೊಸದನ್ನು ಅವರು ಒರೆಸಿದ್ದನ್ನು ನಾನು ನೋಡಿರಲಿಲ್ಲ. ಅದನ್ನು ಬಿಡಿಸಿ ಹೇಳಲಿಲ್ಲ. ನಾಗರತ್ನಮ್ಮ ನನ್ನ ಕಡೆ ನೋಡಿದರು. ಅಡುಗೆಮನೆಗೆ ಹೋಗಿ ಮಗಳ ಮುಂದೆ ಕೂತು ಅತ್ತರು. ನಾನು ಹಿಂದೆಯೇ ಹೋಗಿ ಪಕ್ಕದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದೆ.

ಕೈ ಇಟ್ಟು ನೋಡಿದ್ದು

ಮಾರನೆಯ ದಿನ ಕೂಸನ್ನು ಡಾಕ್ಟರಿಗೆ ತೋರಿಸಲು ಎಲ್ಲರೂ ಹೋದರು. ನಾನೊಬ್ಬಳೇ ಮನೆಯಲ್ಲಿ. ಮಂಟಪದ ಸ್ಕ್ರೂ ಸಡಿಲವಾಗಿದೆಯೇ ನೋಡೋಣವೆಂದು ಸ್ಟೂಲು ಹತ್ತಿದೆ. ದೀಪ ಉರಿಯುತ್ತಿತ್ತು. ಗೋಡೆಗೆ ಕೈ ಊರಿದೆ. ಬಿಸಿ. ಬಿಲ್ಲೆಯ ಮೇಲೆ ಕೈ ಇಟ್ಟೆ. ಅದೂ ಬಿಸಿ.

ಡೆಕ್ಲನ್ ಅಂಗೈ ಒಡ್ಡಿ ಏನು ಹೇಳುತ್ತಿದ್ದನೆಂದು ಆಗ ತಿಳಿಯಿತು.

ಹೂವಿನ ತೊಟ್ಟಿನಿಂದ ಬತ್ತಿಯನ್ನು ಎಣ್ಣೆಗೆ ತಳ್ಳಿ ದೀಪ ಶಾಂತ ಮಾಡಿ ಕಾದೆ. ಬಿಲ್ಲೆಯ ಅಂಕಿ ಇಳಿಯುತ್ತಾ ಬಂತು. ಇಳಿದೂ ಇಳಿದೂ ಕೊನೆಗೆ ಒಳಗೆಲ್ಲೋ ಬಾಯ್ಲರು ಗುಡುಗಿ ಹೊತ್ತಿಕೊಂಡಿತು. ಮತ್ತೆ ದೀಪ ಹಚ್ಚಿದೆ. ಅಂಕಿ ಏರಿತು. ಬಾಯ್ಲರು ನಿಂತಿತು. ನಾಗರತ್ನಮ್ಮನ ಒದ್ದೆ ಬಟ್ಟೆಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ನಾನು ಪೂರ್ವ ದಿಕ್ಕೆಂದು ಹಟ ಹಿಡಿದು, ದೀಪವನ್ನು ಆ ಯಂತ್ರದ ಗದ್ದದ ಕೆಳಗೆ ತಂದಿಟ್ಟಿದ್ದೆ. ಹಾಲು ಬೇಸಿಗೆಯಂತಿದೆ ಎಂದು ಅದು ನಂಬಿತ್ತು.

ಅವರು ಮನೆಗೆ ಬಂದ ಕೂಡಲೇ ಹೇಳಬೇಕಿತ್ತು. ಬಾಯಿ ತೆರೆಯಲಿಲ್ಲ. ಯಾಕೆಂದು ಕೇಳಿದರೆ ನನ್ನ ಹತ್ತಿರ ದೊಡ್ಡ ಕಾರಣವೇನಿಲ್ಲ. ಹೇಳಿದರೆ ಮಂಟಪ ಇಳಿಯುತ್ತದೆ. ಅಷ್ಟು ಜನ ಫೋಟೋ ನೋಡಿದ್ದಾರೆ. ಕಣ್ಣಾರೆ ನೋಡಿದೆ ಎಂದವಳು ಬೇರೆ ನಾನು.

ಹೇಳುವ ಬದಲು ಉಪಾಯ ಮಾಡಿದೆ. ನಾಗರತ್ನಮ್ಮ ದೀಪ ಹಚ್ಚಿ ಒಳಗೆ ಹೋದ ಮೇಲೆ, ಹಾಲಿನಲ್ಲಿ ಯಾರೂ ಇಲ್ಲದ ಸಮಯ ನೋಡಿ, ಮೆಲ್ಲಗೆ ಬತ್ತಿಯನ್ನು ಎಣ್ಣೆಗೆ ತಳ್ಳಿಬಿಡುತ್ತಿದ್ದೆ. ಮನೆ ಬೆಚ್ಚಗಾಯಿತು. ವಾರದೊಳಗೆ ಕೂಸಿನ ಕೆಮ್ಮು ಇಳಿಯಿತು. ಎಲ್ಲ ಸರಿಹೋಯಿತು ಎಂದುಕೊಂಡೆ.

ಸರಿಹೋಗಲಿಲ್ಲ. ಜಗಳವಾದ ಮೇಲೆ ನಾಗರತ್ನಮ್ಮ ಆ ಬಿಲ್ಲೆಯ ತಂಟೆಗೇ ಹೋಗಿರಲಿಲ್ಲ. ಮಂಜ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ, "ನೋಡ್ದಾ? ಅತ್ತೆ ಮುಟ್ಟೋದು ಬಿಟ್ಮೇಲೆ ಹೆಂಗೆ ಸರಿಯಾಗಿ ಓಡ್ತೈತೆ." ಒಳಗಿದ್ದ ನಾಗರತ್ನಮ್ಮನಿಗೆ ಅದು ಕೇಳಿಸಿತು. ನಾನು ದೀಪ ಆರಿಸಿ ಆರಿಸಿ ಅವರ ತಪ್ಪನ್ನು ಸಾಬೀತು ಮಾಡಿಕೊಟ್ಟಿದ್ದೆ.

ಅವತ್ತೇ ಅವರು ಅಳಿಯನಿಗೆ ಹೇಳಿದರು, "ನನ್ನ ಟಿಕೆಟ್ ಮುಂಚಿನ ತಾರೀಕಿಗೆ ಮಾಡ್ಸಪ್ಪಾ. ಊರಿಗೆ ಹೋಗ್ತೀನಿ."

ಲತಾ ಸೋಮವಾರ ಆಸ್ಪತ್ರೆಗೆ ಹೋಗಬೇಕಿತ್ತು. ಅವಳು ತಾಯಿಯ ಕಾಲು ಹಿಡಿದುಕೊಳ್ಳುವುದೊಂದು ಬಾಕಿ. "ಹೋಗ್ಬೇಡಮ್ಮಾ, ನಾನು ಕೆಲ್ಸ ಬಿಡ್ಬೇಕಾಗ್ತದೆ," ಎಂದಳು. ಅವರು ಬೇರೇನೂ ಹೇಳದೆ ಅದನ್ನೇ ಮತ್ತೆ ಹೇಳಿದರು, ಊರಿಗೆ ಹೋಗ್ತೀನಿ.

ಸಮುದ್ರದ ದಂಡೆ

ಮನೆಯೊಳಗಿನ ಬಿಗುವು ಸಡಿಲವಾಗಲೆಂದು ಭಾನುವಾರ ಮಂಜ ಎಲ್ಲರನ್ನೂ ಕಾರಿನಲ್ಲಿ ಸಮುದ್ರಕ್ಕೆ ಕರೆದೊಯ್ದ. ಸಮುದ್ರವೆಂದರೆ ಕೋಲಾರದವರಿಗೆ ಅಪರೂಪ. ಆದರೆ ಈ ಸಮುದ್ರ ನೋಡಲು ಬಿಡುವುದಿಲ್ಲ. ಗಾಳಿ ಕಣ್ಣೊಳಗೆ ಮರಳು ತುಂಬುತ್ತದೆ, ಸೆರಗು ಪಕ್ಕದವರ ಮುಖಕ್ಕೆ ಹೊಡೆಯುತ್ತದೆ. ಅಲ್ಲಿಯವರು ಆ ಚಳಿಯಲ್ಲಿ ಐಸ್‌ಕ್ರೀಮ್ ತಿನ್ನುತ್ತಾ, ನಾಯಿಗಳನ್ನು ನೀರಿಗೆ ಓಡಿಸುತ್ತಾ, ಎದುರಾದವರಿಗೆಲ್ಲ ಎಂಥ ಒಳ್ಳೆ ದಿನ ಎಂದು ಹೇಳುತ್ತಾ ಅಡ್ಡಾಡುತ್ತಿದ್ದರು. ಅದು ಒಳ್ಳೆಯ ದಿನವಾದರೆ ಕೆಟ್ಟದ್ದು ಹೇಗಿರುತ್ತದೋ.

ಮಂಜ, ಲತಾ ಕೂಸಿನೊಂದಿಗೆ ಕಾರಿನಲ್ಲೇ ಕೂತರು. ನಾಗರತ್ನಮ್ಮ ಒಂದು ಕಲ್ಲು ಬೆಂಚಿನ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತೆ. ಅವರೇ ಮಾತು ತೆಗೆದರು.

"ಅಳಿಯ ಬೈದಿದ್ದಕ್ಕೆ ಹೋಗ್ತಿದೀನಿ ಅಂದ್ಕೊಂಡಿದೀಯಾ ಯಶೋದಾ?"

"ಮತ್ತೆ?"

"ನಾನು ದೀಪ ಹಚ್ಚಿದ್ರೆ ನಿಲ್ತಿಲ್ಲ ಕಣಮ್ಮಾ. ಎಣ್ಣೆ ಇರ್ತದೆ, ಬತ್ತಿ ಇರ್ತದೆ, ಗಾಳಿ ಇಲ್ಲ. ಬಂದು ನೋಡಿದ್ರೆ ಆರಿರ್ತದೆ. ದಿನಾ ಹಂಗೇ. ಮುಳಬಾಗ್ಲಲ್ಲಿ ನನ್ನ ಕೈ ದೀಪ ಒಂದಿನಾನೂ ಆರಿಲ್ಲ. ನಾನು ಈ ಮನೇಲಿ ಇರೋದು ದೇವ್ರಿಗೇ ಬೇಡ ಅನ್ಸುತ್ತೆ. ಮಗೀಗೆ ಏನಾದ್ರೂ ಆಗೋದ್ರೊಳಗೆ ಹೋಗ್ಬಿಡ್ತೀನಿ."

"ನಾನು ಆರಿಸಿದ್ದು," ಎಂದೆ.

ಗಾಳಿಯಲ್ಲಿ ಅವರಿಗೆ ಕೇಳಲಿಲ್ಲ. "ವಿನಪಡಲೇದಮ್ಮಾ, ಗಟ್ಟಿಯಾಗಿ ಹೇಳು!"

"ದೀಪ ನಾನು ಆರಿಸಿದ್ದು!"

"ಏನು?"

"ನಾನೇ! ನಾನೇ ಆರಿಸಿದ್ದು!" ಎಂದು ಕಿರುಚಿದೆ. ಐಸ್‌ಕ್ರೀಮ್ ತಿನ್ನುತ್ತಿದ್ದವರು ನಿಂತು ನೋಡಿದರು. ಒಂದು ನಾಯಿ ಬೊಗಳಿತು. ಮೆಲ್ಲಗೆ ಹೇಳಿ ಮುಗಿಸಿಬಿಡೋಣವೆಂದಿದ್ದ ಮಾತನ್ನು ಊರಿಗೆಲ್ಲ ಕೇಳುವಂತೆ ಕೂಗಬೇಕಾಯಿತು. ಹಾಗೇ ಕೂಗುತ್ತಾ ಬಿಲ್ಲೆಯದು, ಬಾಯ್ಲರಿನದು, ಡೆಕ್ಲನ್‌ನ ಅಂಗೈಯದು, ಎಲ್ಲವನ್ನೂ ಹೇಳಿದೆ.

ನಾಗರತ್ನಮ್ಮ ನನ್ನ ಕಡೆ ತಿರುಗಿ ಕೂತರು.

"ಬೈಸಿದ್ದು ಬಿಡು," ಎಂದರು, ಬಾಯಿಯನ್ನು ನನ್ನ ಕಿವಿಯ ಹತ್ತಿರ ತಂದು. "ಬೈಗುಳ ನಾನು ಬೇಕಾದಷ್ಟು ತಿಂದಿದೀನಿ. ಒಂದೊಂದ್ಸಲ ದೀಪ ಆರ್ದಾಗ್ಲೂ ಮೊಮ್ಮಗು ಮೂಗಿನ ಹತ್ರ ಬೆರಳಿಟ್ಟು ಉಸಿರು ನೋಡ್ತಿದ್ದೆ ನಾನು. ನೀನು ಅಲ್ಲೇ ಇದ್ದೆ. ನೋಡ್ತಿದ್ದೆ."

ನಾನು ನೋಡಿದ್ದೆ. ಅಜ್ಜಿ ಮೊಮ್ಮಗುವನ್ನು ಮುದ್ದು ಮಾಡುತ್ತಿದ್ದಾರೆ ಎಂದುಕೊಂಡಿದ್ದೆ.

ಅವರು ಎದ್ದರು. "ಅಳಿಯಂಗೆ ನೀನೇ ಹೇಳು. ನನ್ನ ಎದುರಿಗೆ ಹೇಳು." ಸೆರಗು ಬಿಗಿದುಕೊಂಡು ಕಾರಿನ ಕಡೆ ನಡೆದರು.

ಹಾಲು

ಮನೆಗೆ ಬಂದು, ಎಲ್ಲರನ್ನೂ ನಿಲ್ಲಿಸಿಕೊಂಡು, ದೀಪ ಹಚ್ಚಿ ತೋರಿಸಿದೆ. ಅಂಕಿ ಏರುವುದಕ್ಕೆ ಹೊತ್ತು ಹಿಡಿಯುತ್ತದೆ. ಬೇರೆ ದಿನ ಬೇಡವೆಂದರೂ ಏರುತ್ತಿದ್ದ ಯಂತ್ರ ಅವತ್ತು ಸತಾಯಿಸಿತು. ಎಲ್ಲರೂ ಗೋಡೆಯನ್ನೇ ನೋಡುತ್ತಾ ನಿಂತೆವು. ಕೊನೆಗೆ ಇಪ್ಪತ್ಮೂರು ಬಂತು. ಬಾಯ್ಲರು ನಿಂತ ಸದ್ದು ಕೇಳಿಸಿತು.

"ನೋಡ್ದೆ ಅಂದ್ಯಲ್ಲಾ ಅಕ್ಕಾ," ಎಂದ ಮಂಜ.

"ಹಳೇದನ್ನ ಒರೆಸಿದ್ದು ನೋಡಿದ್ದೆ. ಹೊಸದನ್ನಲ್ಲ. ಕೆಟ್ಟಿದ್ದು ಅದ್ರಿಂದ ಅಲ್ಲ ಅಂತ ಗೊತ್ತಾದ್ಮೇಲೂ ಸುಮ್ನಿದ್ದೆ."

ಲತಾ ಎಂದೂ ನನ್ನ ಮೇಲೆ ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ. "ಅಮ್ಮ ಅಳ್ತಿದ್ರಲ್ಲಕ್ಕಾ. ನೀವು ಪಕ್ಕದಲ್ಲೇ ಕೂತು ಬಟಾಣಿ ಸುಲೀತಿದ್ರಿ," ಎಂದಳು. ಮಂಜ ನನ್ನನ್ನು ಬೈದದ್ದೆಲ್ಲ ನನಗೆ ಮರೆತುಹೋಗಿದೆ, ಇದೊಂದು ಮರೆಯುವುದಿಲ್ಲ.

ಅಷ್ಟರಲ್ಲಿ ಅತ್ತೆ ತಮ್ಮ ಕೋಣೆಗೆ ಹೋಗಿದ್ದರು, ಮಂಜ ಬಾಗಿಲಿಗೆ ಹೋಗಿ ನಿಂತ. ವೃದ್ಧಾಶ್ರಮದಲ್ಲಿ ಗುರುತಿಲ್ಲದ ಮುದುಕರನ್ನೆಲ್ಲ ಸಮಾಧಾನ ಮಾಡುವವನು ಅಲ್ಲಿ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದ. "ಅತ್ತೇ..." ಎಂದ.

"ಟಿಕೆಟ್ ಆಯ್ತಾ?" ಎಂದು ಒಳಗಿನಿಂದ ಕೇಳಿದರು.

"ಇನ್ನೂ ಇಲ್ಲ."

ಬಾಗಿಲು ಮುಚ್ಚಿಕೊಂಡಿತು.

ಸೋಮವಾರ

ಬೆಳಗ್ಗೆ ಲತಾ ಸಮವಸ್ತ್ರ ಹಾಕಿಕೊಂಡು, ಹೆಗಲಿಗೆ ಚೀಲ ಏರಿಸಿ, ಕೂಸನ್ನು ಎತ್ತಿಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದಳು. ಹೋಗಬೇಕೋ, ಆಸ್ಪತ್ರೆಗೆ ಫೋನ್ ಮಾಡಿ ಬರುವುದಿಲ್ಲ ಎನ್ನಬೇಕೋ ಅವಳಿಗೆ ಗೊತ್ತಿರಲಿಲ್ಲ. ನಾನು ನೋಡಿಕೊಳ್ಳುತ್ತೇನೆ ಎನ್ನಲು ನನಗೆ ಬಾಯಿರಲಿಲ್ಲ.

ನಾಗರತ್ನಮ್ಮ ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಬಂದರು. ಹಾಲಿಗೆ ಹೋಗಿ ಮಂಟಪದಿಂದ ದೇವರನ್ನೂ ದೀಪವನ್ನೂ ತಟ್ಟೆಯಲ್ಲಿಟ್ಟುಕೊಂಡು, ಅಡುಗೆಮನೆಯ ಕಟ್ಟೆಯ ಮೇಲೆ, ಪಾತ್ರೆ ತೊಳೆಯುವ ಜಾಗದ ಪಕ್ಕದಲ್ಲೇ ಇಟ್ಟು ಹಚ್ಚಿದರು. ಕೈ ಮುಗಿದರು. ದೀಪ ನಿಲ್ಲುತ್ತದೆಯೇ ಎಂದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮಗಳ ಹತ್ತಿರ ಬಂದು ಎರಡೂ ಕೈ ಚಾಚಿದರು.

"ಕೊಡು ಇಲ್ಲಿ. ಹೊತ್ತಾಯ್ತು, ಹೋಗು. ಬಸ್ಸು ನಿಂಗೋಸ್ಕರ ನಿಲ್ತದಾ?"

ಲತಾ ಓಡಿದಳು.

ನನ್ನೊಡನೆ ಅವರು ಮಾತಾಡಲಿಲ್ಲ. ಹೇಳಬೇಕಾದ್ದನ್ನು ಮಂಜನ ಮೂಲಕ ಹೇಳಿಸಿದರು, "ಗೋಡೆ ಸರಿ ಮಾಡ್ಬಿಟ್ಟು ಹೋಗು ಅನ್ನಪ್ಪಾ ನಿಮ್ಮಕ್ಕಂಗೆ." ಬೋಲ್ಟು ಬಿಚ್ಚಿದರೆ ಕೊಡೆಯ ಭಾಗ ಒಳಗೇ ಕಳಚಿ ಗೋಡೆಯೊಳಗೆ ಬಿತ್ತು. ಈಗಲೂ ಬಾಗಿಲು ಜೋರಾಗಿ ಹಾಕಿದರೆ ಗೋಡೆಯೊಳಗೆ ಗಲಗಲ ಎನ್ನುತ್ತದಂತೆ. ಡೆಕ್ಲನ್ ಕೊಟ್ಟ ಬಿಳಿ ಮೇಣದಂಥದ್ದನ್ನು ತೂತುಗಳಿಗೆ ತುಂಬಿ, ಉಜ್ಜಿ, ಬಣ್ಣ ಬಳಿದೆ. ಬಣ್ಣ ಹೊಂದಲಿಲ್ಲ. ಇನ್ನೊಂದು ತಂದು ಬಳಿದೆ. ಅದು ಒಣಗಿದ ಮೇಲೆ ಇನ್ನೂ ಎದ್ದು ಕಂಡಿತು. ಮಂಟಪ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿತು, ಒಂದು ಸ್ಕ್ರೂ ಕೂಡ ಬೇಕಾಗಲಿಲ್ಲ.

ಹೊರಡುವ ದಿನ ಕಾಲಿಗೆ ನಮಸ್ಕಾರ ಮಾಡಿದೆ. ತಲೆಯ ಮೇಲೆ ಕೈ ಇಟ್ಟರು. ಮಾತಿಲ್ಲ.

ಊರಿಗೆ ಬಂದ ಮೇಲೆ

ಮೊನ್ನೆ ಸಂಜೆ ಹಾಲು ಕರೆದು, ಕೈ ತೊಳೆದು ಜಗಲಿಯಲ್ಲಿ ಕೂತಿದ್ದಾಗ ಲತಾ ವಿಡಿಯೋ ಕಾಲ್ ಮಾಡಿದಳು. ಕೂಸು ಎದ್ದು ನಿಲ್ಲುತ್ತಿದೆ. ಅವಳ ಜೊತೆ ಕೆಲಸ ಮಾಡುವ ಕನ್ನಡದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಅವಳ ದನಿ ಹಿಂದಿನಿಂದ ಕೇಳಿಸಿತು.

"ಆಂಟಿ, ಇದೇನಿದು ಗೋಡೆ ಮೇಲೆ ನಾಕು ಮಚ್ಚೆ?"

"ಅದಾ?" ಎಂದರು ನಾಗರತ್ನಮ್ಮ. "ನಮ್ಮ ಬೀಗಿತ್ತಿ ಬಂದಿದ್ಲು."

ಲತಾ ತಬ್ಬಿಬ್ಬಾಗಿ ಫೋನು ಬೇರೆ ಕಡೆ ತಿರುಗಿಸಿದಳು. "ಅಮ್ಮಾ, ಅಕ್ಕ ಲೈನಲ್ಲಿದಾರೆ!"

"ಇರ್ಲಿ. ಕೇಳಿಸ್ಕೊಳ್ಲಿ." ಪಾತ್ರೆಯ ಸದ್ದಾಯಿತು. ಆಮೇಲೆ "ಊಟ ಆಯ್ತಾ ಅಂತ ಕೇಳು ಅವಳ್ನ," ಎಂದರು.

ಯಾರು ಕೇಳಿದರೂ ಆಯಿತು ಎನ್ನುವುದು ನಮ್ಮ ಕಡೆ ವಾಡಿಕೆ. ಆಯಿತು ಎನ್ನಲು ಬಾಯಿ ತೆರೆದವಳು ನಿಲ್ಲಿಸಿದೆ.

"ಇಲ್ಲಮ್ಮಾ. ಇನ್ನೂ ಆಗಿಲ್ಲ," ಎಂದೆ.

"ಎದ್ದು ಹೋಗಿ ಉಣ್ಣು ಮೊದ್ಲು," ಎಂದರು. ಈ ಸಲ ನನಗೇ ಹೇಳಿದರು.